ಕಿವಿಯಲ್ಲಿ ಹತ್ತಿ

ಜುಲೈ 2, ಬುಧವಾರ

ಸಾರ್ ಒಪ್ಪಿಬಿಟ್ಟರು! ಡಾ. ಚನ್ನಬಸವರಾಜ ಅಂದರೆ ಒಂದು 'ಹೂಂ' ಅನ್ನುವುದಕ್ಕೆ ವಾರ ಕಾಯಿಸುವ ಮನುಷ್ಯ. ಇವತ್ತು ಟೀ ಲೋಟ ಕೆಳಗಿಡುವಷ್ಟರಲ್ಲಿ, "ಮಾಡಮ್ಮಾ ಅನಿತಾ, ಮಾಡು. ಸೆಪ್ಟೆಂಬರ್‌ನ್ಯಾಗ ಹುಬ್ಬಳ್ಳಿ ಸಮ್ಮೇಳನಕ್ಕ ನಮ್ಮ ಬಳ್ಳಾರಿದೂ ಒಂದು ಪ್ರಬಂಧ ಹೋಗ್ಲಿ" ಅಂದರು. ಅಲ್ಲೇ ಕುಣಿಯಬೇಕು ಅನ್ನಿಸಿತು, ಎದುರಿಗೆ ಪೇಶೆಂಟುಗಳಿದ್ದರು ಅಂತ ಸುಮ್ಮನಾದೆ. ಓದು ಮುಗಿಸಿ ಕಂಟೋನ್ಮೆಂಟಿನ ಈ ಸ್ಕ್ಯಾನಿಂಗ್ ಸೆಂಟರಿಗೆ ಸೇರಿದಾಗಿನಿಂದ ಸೊಂಟ, ಮೊಳಕಾಲು, ಸೊಂಟ, ಮೊಳಕಾಲು, ಇದನ್ನೇ ನೋಡಿ ನೋಡಿ ಸಾಕಾಗಿತ್ತು. ಇನ್ನು ನನ್ನದೂ ಅಂತ ಒಂದು ಕೆಲಸ.

ವಿಷಯ ಪಿಟ್ಯುಟರಿ. ಮೂಗಿನ ಹಿಂದೆ, ಮೆದುಳಿನ ಅಡಿಯಲ್ಲಿ, ಎಲುಬಿನ ಪುಟ್ಟ ಗುಳಿಯೊಳಗೆ ಕೂತಿರುವ ಕಡಲೆಕಾಳಿನಷ್ಟು ಗ್ರಂಥಿ. ಅಷ್ಟೇ ಅಷ್ಟು ಇದ್ದುಕೊಂಡು ಇಡೀ ಮೈಯ ಮೇಲೆ ದರ್ಬಾರು ನಡೆಸುತ್ತದೆ. ಮೈ ಬೆಳೆಯುವುದು, ಮುಟ್ಟು, ಎದೆಹಾಲು, ಎಲ್ಲಾ ಅದರ ಹುಕುಂ. ಅದರ ಎತ್ತರ ಎಲ್ಲರಲ್ಲೂ ಒಂದೇ ಅಲ್ಲ. ಪರೀಕ್ಷೆಗೆ ಮಗ್ಗಿಯ ಹಾಗೆ ಉರು ಹೊಡೆದದ್ದು ಈಗಲೂ ಬಾಯಿಗೆ ಬರುತ್ತದೆ: ಮಕ್ಕಳಿಗೆ ಆರು, ಗಂಡಸರಿಗೂ ಮುಟ್ಟು ನಿಂತವರಿಗೂ ಎಂಟು, ಪ್ರಾಯದ ಹೆಣ್ಣಿಗೆ ಹತ್ತು, ಬಸುರಿ ಬಾಣಂತಿಗೆ ಹನ್ನೆರಡು. ಎಲ್ಲಾ ಮಿಲಿಮೀಟರಿನ ಲೆಕ್ಕ. ಅಷ್ಟರೊಳಗಿದ್ದರೆ ಸರಿ, ದಾಟಿದರೆ ಅನುಮಾನ ಪಡು.

ಆದರೆ ಇದು ಎಲ್ಲಿಯದೋ ಜನರನ್ನು ಅಳೆದು ಮಾಡಿದ ಲೆಕ್ಕ. ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ತಲೆಗಳನ್ನು ಯಾರು ಅಳೆದಿದ್ದಾರೆ? ನಾನು ಅಳೆಯುತ್ತೇನೆ! ತಲೆನೋವು ಅಂತ ಬಂದು, ಏನೂ ಇಲ್ಲ ಅನ್ನಿಸಿಕೊಂಡು ಹೋಗುವವರೇ ನನ್ನ ಜನ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ. ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಗ್ರಂಥಿಯ ಎತ್ತರ. ಹೆಂಗಸರಿಗೆ ಕೆಂಪು, ಗಂಡಸರಿಗೆ ನೀಲಿ. ಹಳೆಯ ಸ್ಕ್ಯಾನುಗಳನ್ನೂ ತೆಗೆದು ಕೂತಿದ್ದೇನೆ.

ಜುಲೈ 5, ಶನಿವಾರ

ಚುಕ್ಕೆಗಳು ಮಾತಾಡುತ್ತಿವೆ! ಹೆ-16, ಅಂದರೆ ಹೆಣ್ಣು, ಹದಿನಾರು ವರ್ಷ: 8.8, ಮೇಲ್ಭಾಗ ಪೂರಿಯ ಹಾಗೆ ಉಬ್ಬಿದೆ. ಗಂ-17: 6.2, ಮೇಲೆ ಚಪ್ಪಟೆ. ಹೆ-24: 7.1. ಗಂ-45: 5.3. ಪ್ರಾಯಕ್ಕೆ ಬರುವಾಗ ಎಲ್ಲರಲ್ಲೂ ಏರುತ್ತದೆ, ಹುಡುಗಿಯರಲ್ಲಿ ಹೆಚ್ಚು. ಆಮೇಲೆ ಮೆಲ್ಲಗೆ ಇಳಿಯುತ್ತಾ ಬರುತ್ತದೆ. ಆದರೆ ಐವತ್ತರ ಆಸುಪಾಸಿನ ಹೆಂಗಸರಲ್ಲಿ ಮತ್ತೊಂದು ಸಣ್ಣ ದಿಬ್ಬ! ಪುಸ್ತಕದಲ್ಲಿ ಓದಿದ್ದೆ, ಈಗ ನನ್ನ ಗೆರೆಯಲ್ಲೇ ಎದ್ದು ನಿಂತಿದೆ. ಮುಟ್ಟು ನಿಲ್ಲುವಾಗ ಗ್ರಂಥಿ ಇನ್ನೊಂದು ಸಲ ಹಾರಾಡುತ್ತದೆ. ನಮ್ಮವ್ವನ ಸಿಟ್ಟಿಗೆ ಕಾರಣ ಈಗ ತಿಳಿಯಿತು.

ಮಧ್ಯಾಹ್ನ ಕುರುಗೋಡಿನಿಂದ ಒಬ್ಬ ಅಜ್ಜ. "ವಯಸ್ಸೆಷ್ಟು ತಾತಾ?" ಅಂದೆ. "ಹಾಕ್ಕೊಳವ್ವಾ, ನಿನಗ ಎಷ್ಟು ಬೇಕು?" ಅಂದ! ಆಧಾರ್ ನೋಡಿ ಎಪ್ಪತ್ತೆರಡು ಹಾಕಿದೆ. ಗಂ-72: 3.7. ಗುಳಿಯ ತಳದಲ್ಲಿ ಬಳಿದಿಟ್ಟ ಹಾಗಿತ್ತು. ಬಂಗಾರದಂಥ ಚುಕ್ಕೆ.

ಪಾರ್ವತಿನಗರದ ಮನೆಗೆ ಬಂದರೆ ಅಕ್ಕ ರಾಧಾ ಕಾಲು ಚಾಚಿ ಕೂತಿದ್ದಳು. ಅವಳಿಗೆ ದಿನ ತುಂಬಿದೆ, ಹೆರಿಗೆಗೆ ಬಂದಿದ್ದಾಳೆ. ನಾನು ಚುಕ್ಕೆಗಳ ವಿಷಯ ಹೇಳುತ್ತಾ ಹೋದೆ. ಅವ್ವ, "ಕಡ್ಲಿಕಾಳು ಅಳದು ಯಾರ್ನ ಉದ್ಧಾರ ಮಾಡ್ತೀಲೇ? ಅಕ್ಕನ ಕಾಲು ಬಾತಾವು, ಅದನ್ನರ ನೋಡು" ಅಂದಳು. ಅವ್ವ ಕುರುಗೋಡಿನವಳು, ಮಾತಿಗೆ ಮುಲಾಜಿಲ್ಲ. ನೋಡುತ್ತೇನೆ ಅಂದೆ. ಮರೆತೆ.

ಜುಲೈ 10, ಗುರುವಾರ

11.4!!!

ಹೆ-22. ರಾರಾವಿ ಊರು, ಸಿರುಗುಪ್ಪ ತಾಲೂಕು. ಗ್ರಂಥಿ ಗುಳಿಯಲ್ಲಿ ಹಿಡಿಸದೆ ಮೇಲಕ್ಕೆ ಗುಮ್ಮಟದ ಹಾಗೆ ಎದ್ದಿದೆ. ನನ್ನ ಕೆಂಪು ಚುಕ್ಕೆಗಳೆಲ್ಲ ಕೆಳಗೆ, ಇದೊಂದು ಮೇಲೆ. ನನ್ನ ಮೊದಲ ಅಡಿನೋಮಾ! ಪಿಟ್ಯುಟರಿಯ ಗಡ್ಡೆ! ಬರೇ ತಲೆನೋವು ಅಂತ ಬಂದವಳಲ್ಲಿ ನಾನು ಹಿಡಿದದ್ದು!

ಮೊದಲಿನಿಂದ ಬರೆಯುತ್ತೇನೆ. ಸಿರುಗುಪ್ಪದ ಒಬ್ಬ ಡಾಕ್ಟರು 'ವಾರದಿಂದ ತಲೆನೋವು' ಅಂತಷ್ಟೇ ಚೀಟಿ ಬರೆದು ಕಳಿಸಿದ್ದರು. ಹುಡುಗಿ, ಜೊತೆಗೆ ಅತ್ತೆ. ತಲೆಗೆ ಸ್ಕಾರ್ಫ್ ಬಿಗಿದುಕೊಂಡಿದ್ದಳು, ಪಿನ್ನು ಗಿನ್ನು ಇರುತ್ತವೆ ಅಂತ ತೆಗೆಸಿದೆ. ಮಷೀನಿನ ಸದ್ದಿಗೆ ಎಲ್ಲರ ಕಿವಿಗೂ ಹತ್ತಿ ಇಡುವುದು ನಮ್ಮ ಟೆಕ್ನಿಶಿಯನ್ ವೀರೇಶನ ಕೆಲಸ. ನೋಡಿದರೆ ಆಗಲೇ ಇಟ್ಟಾಗಿತ್ತು. ಇವತ್ತೊಂದು ದಿನ ಹೇಳದೆ ಮಾಡಿದ್ದಾನೆ, ಪುಣ್ಯಾತ್ಮ.

"ನೀವು ಗರ್ಭಿಣಿನಾ?" ಅಂತ ಕೇಳಿದೆ. ಅವಳು ಮಿಕಮಿಕ ನೋಡಿದಳು. ವೀರೇಶ, "ಬಸುರಿ ಅದೀಯೇನಂತ ಕೇಳ್ತಾರ ಮೇಡಂ" ಅಂದ. ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು: "ಈಗೆಲ್ಲಿಂದ ಬರ್ಬೇಕ್ರೀ ಬಸುರು!" ಹುಡುಗಿಯೂ ನಕ್ಕಳು. ಗಂಡ ಊರಲ್ಲಿಲ್ಲವೇನೋ ಅಂದುಕೊಂಡು 'ಇಲ್ಲ' ಅಂತ ಗುರುತು ಹಾಕಿದೆ.

ಆ ಅತ್ತೆಯದೋ ಒಂದೇ ಗಲಾಟೆ. ಏಸಿ ಬಂದ್ ಮಾಡಬೇಕಂತೆ. "ಯವ್ವಾ, ಆ ತಣ್ಣನ ಗಾಳಿ ಆರಿಸ್ರಿ, ಹಸಿ ಮೈ ಐತಿ ಅಕಿದು!" ಏಸಿ ಬಂದ್ ಮಾಡಿದರೆ ನನ್ನ ಮಷೀನಿನ ಗತಿ? ಬಸ್ಸಿಗೆ ತಡವಾಗುತ್ತದೆ ಅಂತ ಸ್ನಾನ ಮಾಡಿ ಒದ್ದೆ ಮೈಯಲ್ಲೇ ಹೊರಟಿರಬೇಕು. ದಪ್ಪನೆ ಕಂಬಳಿ ಹೊದಿಸಿದೆ. ಅಷ್ಟಕ್ಕೂ ಸುಮ್ಮನಾಗಲಿಲ್ಲ. "ಲಗೂನ ಬಿಡ್ರಿ, ಹೊಳಿ ದಾಟಿ ಹೋಗ್ಬೇಕು" ಅಂತ ಬಾಗಿಲು ಬಿಟ್ಟು ಅಲುಗಲಿಲ್ಲ.

ಬಣ್ಣದ ಔಷಧಿ ಕೊಟ್ಟು ಮತ್ತೆ ನೋಡಿದೆ. ಇಡೀ ಗ್ರಂಥಿ ಒಂದೇ ಸಮ ಬೆಳ್ಳಗಾಯಿತು. ಒಳಗೆ ಬೇರೆ ಗಡ್ಡೆಯ ಅಂಚು ಅಂತ ಕಾಣಲಿಲ್ಲ. ಇರಲಿ, ಇಡೀ ಗ್ರಂಥಿಯನ್ನೇ ನುಂಗಿದ ಗಡ್ಡೆ ಇರಬಹುದು! ಸಾರ್ ಕನ್ನಡಕ ಹಣೆಗೇರಿಸಿ, "ಎಲ್ಲಾ ಸರಿಯಾಗಿ ಕೇಳಿಯೇನಮ್ಮಾ?" ಅಂದರು. "ಕೇಳಿದೀನಿ ಸಾರ್, ಗರ್ಭಿಣಿ ಅಲ್ಲ" ಅಂದೆ. ಪ್ರಾಯದ ಹೆಣ್ಣಿಗೆ ಹತ್ತು, ಇವಳದು ಹನ್ನೊಂದು ದಾಟಿದೆ. ಸಾರ್ ಸಹಿ ಹಾಕಿದರು. 'ಅಡಿನೋಮಾ ಇರುವ ಸಂಭವ.' ಆ ಸಾಲು ಬರೆದದ್ದು ನಾನು!

ಜುಲೈ 11, ಶುಕ್ರವಾರ

ಇನ್ನೇನು ಬೇಕು! ಕೆಳಗಿನ ಮಹಡಿಯ ಡಾ. ಉಮಾಪತಿ ನಿನ್ನೆಯೇ ಅವಳ ರಕ್ತ ಪರೀಕ್ಷೆ ಮಾಡಿಸಿದ್ದಾರೆ. ಎದೆಹಾಲು ಬರಿಸುವ ಹಾರ್ಮೋನು, ಪ್ರೊಲ್ಯಾಕ್ಟಿನ್, ಎಂಟು ಪಟ್ಟು ಹೆಚ್ಚು! "ಹಾಲು ಬರ್ತೈತೇನಮ್ಮಾ?" ಅಂತ ಕೇಳಿದರಂತೆ. ತಲೆ ತಗ್ಗಿಸಿ, "ಬರ್ತಾವ್ರಿ" ಅಂದಳಂತೆ. ಪೂರಾ ಪುಸ್ತಕದಲ್ಲಿ ಇದ್ದ ಹಾಗೇ! ವಾರಕ್ಕೆ ಎರಡು ಗುಳಿಗೆ ಬರೆದುಕೊಟ್ಟು, ಮೊದಲನೆಯದನ್ನು ತಮ್ಮೆದುರೇ ನುಂಗಿಸಿ ಕಳಿಸಿದ್ದಾರೆ. ಗಡ್ಡೆ ಕುಗ್ಗುತ್ತದೆ, ಹಾಲೂ ನಿಲ್ಲುತ್ತದೆ. ಉಮಾಪತಿ ಸಾರ್ ಎಲ್ಲರೆದುರು, "ಭೇಷ್ ಅನಿತಾ, ಸಣ್ಣದೊಂದು ತಲಿನೋವಿನ್ಯಾಗ ದೊಡ್ಡ ಮೀನ ಹಿಡದಿ" ಅಂದರು.

ಸಂಜೆ ಎಲ್ಲರಿಗೂ ಮಿರ್ಚಿ ಮಂಡಕ್ಕಿ ನನ್ನ ಲೆಕ್ಕದಲ್ಲಿ.

ಜುಲೈ 13, ಭಾನುವಾರ

ನಾನು ಚಿಕ್ಕಮ್ಮ ಆದೆ! ಹೆಣ್ಣು ಕೂಸು. ರಾಧಾ ಆರಾಮ. ಇಡೀ ದಿನ ಆಸ್ಪತ್ರೆ. ಒಂದೂ ಚುಕ್ಕೆ ಇಲ್ಲ.

ಜುಲೈ 16, ಬುಧವಾರ

ಥೂ ನನ್ನ ಜನ್ಮಕ್ಕೆ. ಥೂ, ಥೂ, ಥೂ.

ಮಧ್ಯಾಹ್ನ ರಾಧಾಳನ್ನು ಮನೆಗೆ ಕರೆತಂದೆವು. ಬಳ್ಳಾರಿಯ ಸೆಕೆ, ಆಟೋದಿಂದ ಇಳಿಯುವಷ್ಟರಲ್ಲಿ ಕೂಸಿನ ಮುಖ ಕೆಂಪಾಗಿತ್ತು. ನಾನು ಕೋಣೆಗೆ ಹೋದವಳೇ ಫ್ಯಾನ್ ಹಾಕಿದೆ. ಅವ್ವ ಅಡುಗೆಮನೆಯಿಂದ ಓಡಿಬಂದಳು. "ಆರಿಸಲೇ ಅದನ್ನ! ಹಸಿ ಮೈ ಐತಿ ಅಕಿದು, ಬುದ್ಧಿ ಐತಿಲ್ಲ ನಿನಗ?"

ನಾನು ಜಗಳಕ್ಕೇ ನಿಂತೆ. ಒದ್ದೆ ಎಲ್ಲಿದೆ, ಆಸ್ಪತ್ರೆಯಲ್ಲಿ ಬೆಳಿಗ್ಗೆ ಸ್ನಾನ ಆಗಿದೆ, ಮೈಯೆಲ್ಲ ಒಣಗಿದೆ ಅಂದೆ. ಅವ್ವ ಹಣೆ ಹಣೆ ಬಡಿದುಕೊಂಡಳು. "ಒದ್ದಿ ಅಂದ್ರ ಅದಲ್ಲಲೇ ಹುಚ್ಚಿ. ಹಸಿ ಮೈ ಅಂದ್ರ ಹಡದ ಮೈ. ಈಗಿನ್ನೂ ಹಡದಾಳ, ಮೈ ಮಾಗಿಲ್ಲ. ಡಾಕ್ಟರ್ ಆಗೀದಿ, ಇಷ್ಟು ಗೊತ್ತಿಲ್ಲೇನು?" ಅನ್ನುತ್ತಲೇ ರಾಧಾಳ ತಲೆಗೆ ಸ್ಕಾರ್ಫ್ ಬಿಗಿದಳು. ಆಮೇಲೆ ಡಬ್ಬಿಯಿಂದ ಹತ್ತಿ ತೆಗೆದು, ಉಂಡೆ ಮಾಡಿ, ಅವಳ ಎರಡೂ ಕಿವಿಗೆ ಇಟ್ಟಳು.

ಸ್ಕಾರ್ಫ್. ಹತ್ತಿ. ಹಸಿ ಮೈ. ತಣ್ಣನ ಗಾಳಿ. 'ಈಗೆಲ್ಲಿಂದ ಬರ್ಬೇಕ್ರೀ ಬಸುರು.' ಹಡೆದು ನಾಲ್ಕು ದಿನವೋ ಹತ್ತು ದಿನವೋ ಆದವಳನ್ನು ಬಸುರಿಯಾ ಅಂತ ಕೇಳಿದರೆ ನಗದೆ ಏನು ಮಾಡುತ್ತಾರೆ? ಹಾಲು ಬರುತ್ತದಾ ಅಂದರೆ ಬರುತ್ತದೆ ಅನ್ನದೆ ಏನು ಹೇಳುತ್ತಾಳೆ? ನಾವು ಕೇಳಿದ್ದಕ್ಕೆಲ್ಲ ಅವರು ನಿಜವನ್ನೇ ಹೇಳಿದ್ದಾರೆ. ಬಸುರಿ ಬಾಣಂತಿಗೆ ಹನ್ನೆರಡು, ಬಸುರಿ ಬಾಣಂತಿಗೆ ಹನ್ನೆರಡು ಅಂತ ಗಿಣಿಯ ಹಾಗೆ ಒದರಿದವಳು ನಾನು, ಬಾಣಂತಿಯೇ ಎದುರು ಬಂದು ನಿಂತಾಗ ಅವಳ ಕಿವಿಯ ಹತ್ತಿ ನೋಡಿ ವೀರೇಶನನ್ನು ಹೊಗಳಿದೆ!

ಅದು ಗಡ್ಡೆ ಅಲ್ಲ. ಕೂಸಿಗೆ ಹಾಲು ಮಾಡುವುದಕ್ಕೆ ಉಬ್ಬಿದ ಗ್ರಂಥಿ. 11.4 ಅವಳಿಗೆ ಸರಿಯಾದ ಅಳತೆ. ಗುಳಿಗೆ ಕೊಟ್ಟು ನಾವು ಒಂದು ಎಳೆಗೂಸಿನ ಹಾಲು ನಿಲ್ಲಿಸುತ್ತಿದ್ದೇವೆ.

ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಸೆಂಟರಿಗೆ ಓಡಿದೆ. ಸಾರ್ ಫಿಲ್ಮುಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ಬಾಣಂತಿಯ ತಲೆನೋವು ಅಂದರೆ ಮೆದುಳಿನ ರಕ್ತನಾಳ ಕಟ್ಟಿರಬಹುದು ಅಂತ ಮೊದಲು ಅದನ್ನೇ ಹುಡುಕಿದರು. ಎಲ್ಲ ತೆರೆದಿದ್ದವು, ದೇವರು ದೊಡ್ಡವನು. "ಮೊದ್ಲು ಗುಳಿಗಿ ನಿಲ್ಸು. ಬೈಯೋದು ಬೈಸ್ಕೊಳೋದು ಆಮ್ಯಾಲೆ. ಅದರ ಮ್ಯಾಲೆ ನನ್ನ ಸಹೀನೂ ಐತಿ" ಅಂದರು. ಉಮಾಪತಿ ಸಾರ್ ಎರಡು ನಿಮಿಷ ನನ್ನ ಮೇಲೆ ಹರಿಹಾಯ್ದರು. ಆಮೇಲೆ, "ಹಾಲು ಬರ್ತೈತೇನಂತ ಕೇಳಿದ್ನಲ್ಲ, ಕೂಸು ಐತೇನಂತ ಕೇಳ್ಲಿಲ್ಲ ನೋಡು" ಅಂದು ತಲೆ ಹಿಡಿದುಕೊಂಡರು.

ರಾರಾವಿಯವರು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಹುಡುಗಿಯ ಮಾವ ಪಕ್ಕೀರಪ್ಪ ಎತ್ತಿದ. ಸ್ಕ್ಯಾನಿಂಗ್ ಸೆಂಟರಿನಿಂದ ಮಾತಾಡುತ್ತಿದ್ದೇನೆ, ಗಡ್ಡೆ ಇಲ್ಲ, ಗುಳಿಗೆ ಕೊಡಬೇಡಿ ಅಂದೆ. ಆತ, "ಮೊನ್ನಿ ಐತಿ ಅಂದ್ರು, ಇವತ್ತು ಇಲ್ಲ ಅಂತಿ. ನಿನ್ನಂಥೋರ ಫೋನು ದಿನಾ ಬರ್ತಾವು ನನಗ. ಈಗ ಗುಳಿಗಿ ಬಂದ್ ಮಾಡು ಅಂತಿ, ಆಮ್ಯಾಲೆ ಓಟಿಪಿ ಹೇಳು ಅಂತಿ!" ಅಂತ ಕಟ್ ಮಾಡಿದ. ಮತ್ತೆ ಮಾಡಿದರೆ ಎತ್ತಲಿಲ್ಲ.

ನಾಳೆ ಬೆಳಿಗ್ಗೆ ರಾರಾವಿಗೆ ಹೋಗುತ್ತೇನೆ. ಸಾರ್ ಕಾರು ಕೊಟ್ಟಿದ್ದಾರೆ. ವೀರೇಶ ಬರುತ್ತಾನೆ, ಸಿರುಗುಪ್ಪದ ಹುಡುಗ, ದಾರಿ ಗೊತ್ತು.

ಜುಲೈ 17, ಗುರುವಾರ

ಸಿರುಗುಪ್ಪ ದಾಟಿದ ಮೇಲೆ ಎರಡೂ ಕಡೆ ಬತ್ತದ ಮಡಿ, ನೀರು ತುಂಬಿ ನಾಟಿಗೆ ಸಿದ್ಧವಾಗಿದ್ದವು. ನಾನು ಏನನ್ನೂ ನೋಡಲಿಲ್ಲ. ಹೇಗೆ ಹೇಳುವುದು, ಹೇಗೆ ಹೇಳುವುದು ಅಂತ ಅದೇ. ಹೊಳೆಯ ಸೇತುವೆ ಮೇಲೆ ವೀರೇಶ, "ಮೇಡಂ, ನಾನೂ ಅವತ್ತು ಹತ್ತಿ ನೀವು ಇಟ್ಟೀರಿ ಅನ್ಕೊಂಡೆ" ಅಂದ. ಇಬ್ಬರಿಗೂ ನಗು ಬರಲಿಲ್ಲ.

ಬಾಗಿಲಲ್ಲೇ ಪಕ್ಕೀರಪ್ಪ ನನ್ನ ದನಿ ಹಿಡಿದ. "ಓಟಿಪಿಯಾಕಿ ಮನೀಗೇ ಬಂದಳು ನೋಡು!" ಅಂತ ಒಳಗೆ ಕೂಗಿದ. ಅತ್ತೆ ಹೊನ್ನೂರಮ್ಮ ಬಂದು ನನ್ನ ಗುರುತು ಹಿಡಿದಳು. ಅವಳ ಮುಖ ಬಿಳುಚಿತು. ಕೆಟ್ಟ ಸುದ್ದಿ ಹೇಳಲು ಡಾಕ್ಟರೇ ಹೊರಟು ಬಂದಿದ್ದಾರೆ ಅಂದುಕೊಂಡಿರಬೇಕು.

ಒಳಕೋಣೆ. ಕಿಟಕಿ ಮುಚ್ಚಿತ್ತು, ಲೋಬಾನದ ಹೊಗೆ. ಮಂಚದ ಮೇಲೆ ಆ ಹುಡುಗಿ, ಜ್ಯೋತಿ, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸು ಅವಳ ಹತ್ತಿರ ಇರಲಿಲ್ಲ. ಆಚೆ ಮೂಲೆಯಲ್ಲಿ ಚಾಪೆಯ ಮೇಲೆ ಅಳುತ್ತಿತ್ತು. ಪಕ್ಕದಲ್ಲಿ ಬಟ್ಟಲು, ಚಮಚ, ಆಕಳ ಹಾಲು. ಅಳು ಅಂದರೆ ದೊಡ್ಡ ಅಳುವೂ ಅಲ್ಲ, ಅತ್ತು ಅತ್ತು ಸಾಕಾದ ದನಿ. ಮೂರು ವಾರದ ಗಂಡು ಕೂಸು.

"ಹಾಲು ಬತ್ತಿ ಹೋದ್ವು ಯವ್ವಾ. ಬಳ್ಳಾರಿಗೆ ಹೋಗಿಬಂದಾಗಿಂದ ಕಮ್ಮಿ ಆಕ್ಕೋತ ಬಂದ್ವು. ಹೊಳಿ ದಾಟಬಾರ್ದಿತ್ತು, ಯಾರದೋ ಕಣ್ಣು ಬಿತ್ತು" ಅಂದಳು ಹೊನ್ನೂರಮ್ಮ.

"ಕಣ್ಣಲ್ಲಮ್ಮ, ನಾವು ಕೊಟ್ಟ ಗುಳಿಗಿ" ಅಂದೆ. "ಎಷ್ಟು ನುಂಗ್ಯಾಳ?"

"ಅಲ್ಲೊಂದು, ಸೋಮಾರ ಒಂದು. ಮೂರನೇದು ಇವತ್ತು ರಾತ್ರಿ."

ನಾನು ಮಂಚದ ಮೇಲೆ ಕೂತೆ. "ಜ್ಯೋತಿ, ಈ ಕಡಿ ನೋಡು. ನಿನ್ನ ತಲ್ಯಾಗ ಗಡ್ಡಿ ಇಲ್ಲ. ನಾನು ತಪ್ಪು ಬರದೆ. ಹಡದೋರಿಗೆಲ್ಲ ಆ ಗ್ರಂಥಿ ದೊಡ್ಡದಾಗ್ತೈತಿ. ನಿನ್ನ ಮಗಗ ಹಾಲು ಮಾಡಾಕ ಅದು ಹಂಗ ಉಬ್ಬೈತಿ. ಕೆಲವು ತಿಂಗಳು ಕಳದ್ರ ತಾನ ಇಳೀತೈತಿ. ನೀ ಹಡದಿ ಅನ್ನೋದು ನನಗ ಗೊತ್ತಾಗ್ಲಿಲ್ಲ. ತಪ್ಪು ನಂದು."

ಅವಳು ಎದ್ದು ಕೂತಳು. "ಹಂಗಾರ ನಾ ಸಾಯಂಗಿಲ್ಲೇನ್ರಿ?" ಅಂದಳು.

"ಇಲ್ಲ."

"ನಾ ಸತ್ರ ಕೂಸಿಗೆ ತ್ರಾಸ ಆಗಬಾರ್ದಂತ ನಾನ ಎದಿ ಬಿಡಸಾಕ ಹತ್ತಿದ್ದೆ ಮೇಡಮ್ಮಾರ. ಆಕಳ ಹಾಲು ಈಗಿಂದ್ಲೇ ರೂಢಿ ಆಗ್ಲಿ ಅಂತ. ಸ್ವಲ್ಪ ಹಾಲು ಇದ್ವು, ಕೊಡಲಿಲ್ಲ."

ಅಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ ನಾನು, ಡಾಕ್ಟರಿಕೆ ಎಲ್ಲಾ ಬಿಟ್ಟು.

ಹೊನ್ನೂರಮ್ಮ ಸುಮ್ಮನಿರುವವಳಲ್ಲ. "ಅಲ್ಲ ಯವ್ವಾ, ತಲಿಗೆ ಸ್ಕಾರ್ಪು ಕಂಡಿ. ಕಿವ್ಯಾಗ ಹತ್ತಿ ಕಂಡಿ. ಹಸಿ ಮೈ, ಹಸಿ ಮೈ ಅಂತ ನಾ ಬಾಯಿ ಬಡಕೊಂಡೆ. ಇನ್ನ ಹೆಂಗ ಹೇಳ್ಬೇಕಿತ್ತು? ಡಂಗುರ ಸಾರಬೇಕಿತ್ತೇನು? ಅಕಿ ಕಿವ್ಯಾಗ ಹತ್ತಿ ಇತ್ತೋ, ನಿನ್ನ ಕಿವ್ಯಾಗ ಇತ್ತೋ?"

"ನನ್ನ ಕಿವ್ಯಾಗ ಇತ್ತಮ್ಮ" ಅಂದೆ. ಪಕ್ಕೀರಪ್ಪ ಮೊದಲು ನಕ್ಕ. ಆಮೇಲೆ ಕೂಸನ್ನು ತಾನೇ ಎತ್ತಿ ತಂದು ಸೊಸೆಯ ಮಡಿಲಿಗೆ ಹಾಕಿ, ಮುಖ ತಿರುಗಿಸಿಕೊಂಡು ಹೊರಗೆ ಹೋದ.

ಅಲ್ಲಿಂದಲೇ ಮಕ್ಕಳ ಡಾಕ್ಟರಿಗೂ ಹೆರಿಗೆ ಡಾಕ್ಟರಿಗೂ ಫೋನ್ ಹಚ್ಚಿದೆ. ಗುಳಿಗೆಯ ಪ್ರಭಾವ ಕೆಲವು ದಿನ ಉಳಿಯುತ್ತದೆ. ಹಾಲು ವಾಪಸ್ ಬರಬಹುದು, ಬಾರದೆಯೂ ಇರಬಹುದು. ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚಬೇಕು, ಅಲ್ಲಿಯವರೆಗೆ ಮೇಲುಹಾಲು ಯಾವುದು, ಎಷ್ಟು ಅನ್ನುವುದನ್ನು ಅವರೇ ಹೇಳಿದರು. "ಬರ್ತಾವ ಅಲ್ರಿ?" ಅಂತ ಜ್ಯೋತಿ ಕೇಳಿದಳು. ಬರುತ್ತದೆ ಅಂತ ಅಂದುಬಿಡಬೇಕು ಅನ್ನಿಸಿತು. "ಗೊತ್ತಿಲ್ಲ ಜ್ಯೋತಿ. ಬರ್ಲಿ ಅಂತ ನಾನೂ ಬೇಡ್ಕೊಳ್ತೀನಿ" ಅಂದೆ.

ತಲೆನೋವಿನ ಮೂಲವೂ ಸಿಕ್ಕಿತು. ದಿನಕ್ಕೆ ಎರಡೇ ಲೋಟ ನೀರು! ಹೆಚ್ಚು ಕುಡಿದರೆ ಬಾಣಂತಿಯ ಹೊಟ್ಟೆ ಬರುತ್ತದಂತೆ. ಹೊನ್ನೂರಮ್ಮನ ಜೊತೆ ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಮಾಡಿದೆ. ತಣ್ಣೀರು ಬೇಡ ಅಂದಳು, ಬೇಡ ಅಂದೆ. ಓಮಿನ ಕಾಳು ಹಾಕಿ ಕುದಿಸಿದ ನೀರು, ತಂಬಿಗೆ ತುಂಬ, ಕೂಸು ಕುಡಿದಾಗಲೆಲ್ಲ ಅವಳೂ ಕುಡಿಯಬೇಕು. ಅದಕ್ಕೆ ಒಪ್ಪಿದಳು. ಹೊರಡುವಾಗ, "ಊಟ ಮಾಡಿ ಹೋಗು. ಸಿಟ್ಟು ನಿನ್ನ ಮ್ಯಾಲೆ, ಹೊಟ್ಟಿ ಮ್ಯಾಲಲ್ಲ" ಅಂದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಎರಡು ರೊಟ್ಟಿ ತಿಂದೆ.

ಜುಲೈ 18, ಶುಕ್ರವಾರ

ಹೊಸ ವರದಿ ಬರೆದು ಕಳಿಸಿದೆ. ಸಾರ್ ಬೈದರು, ಬೈಯುತ್ತೇನೆ ಅಂದಿದ್ದರಲ್ಲ.

ಫೋನ್ ಮಾಡಿದೆ. ಹನಿಯೂ ಇಲ್ಲವಂತೆ.

ಜುಲೈ 20, ಭಾನುವಾರ

ಇಲ್ಲ.

ಅವ್ವನ ಜೊತೆ ಕೂತು ರಾಧಾಳಿಗೆ ಓಮಿನ ನೀರು ಕಾಯಿಸಿದೆ. ಫ್ಯಾನಿನ ವಿಷಯದಲ್ಲಿ ರಾಜಿ ಆಗಿದೆ, ಗೋಡೆ ಕಡೆ ತಿರುಗಿಸಿದ ಟೇಬಲ್ ಫ್ಯಾನು. ಕೂಸು ನನ್ನ ಬೆರಳು ಹಿಡಿದು ಮಲಗಿತು.

ಜುಲೈ 22, ಮಂಗಳವಾರ

ತಲೆನೋವು ಹೋಗಿದೆ! ಪೂರಾ! ಹೊನ್ನೂರಮ್ಮ ಒಪ್ಪಿಕೊಳ್ಳುತ್ತಿಲ್ಲ, ತಾನು ಹಾಕಿದ ಲೋಬಾನದಿಂದ ಹೋಯಿತಂತೆ. ಆಯಿತು, ಲೋಬಾನದಿಂದಲೇ. ಹಾಲು ಇನ್ನೂ ಇಲ್ಲ. "ಕೂಸು ಎದಿ ಹಿಡೀತೈತಿ, ಏನೂ ಸಿಗದ ಬಿಡ್ತೈತಿ" ಅಂದಳು ಜ್ಯೋತಿ.

ಜುಲೈ 24, ಗುರುವಾರ

ಇವತ್ತು ಮೂರೇ ಚುಕ್ಕೆ. ಕೆಲಸ ಯಾಕೋ ಸಾಗುತ್ತಿಲ್ಲ. ಸ್ಕ್ಯಾನಿಗೆ ಬಂದ ಕುರುಗೋಡಿನ ಮೈಲಾರಲಿಂಗಪ್ಪನವರು ತಮಗೆ ಎತ್ತು ಹಾಯ್ದ ಕಥೆಯನ್ನು ಮೊದಲಿನಿಂದ ಹೇಳಿದರು. ರೂಪನಗುಡಿಯ ಮುದುಕಿಯೊಬ್ಬಳಿಗೆ ಮಷೀನಿನೊಳಗೆ ಹೋಗಲು ಹೆದರಿಕೆ. ಮುಗಿಯುವವರೆಗೂ ಅವಳ ಪಾದ ಹಿಡಿದು ನಿಂತಿದ್ದೆ. ಸಾರ್ ಬಂದು, "ಏನಮ್ಮಾ, ಒಬ್ಬೊಬ್ಬರಿಗೆ ಅರ್ಧ ತಾಸು ಹಿಡೀತೈತಿ ಈಗ ನಿನಗ" ಅಂದರು. ಹೌದಲ್ಲ, ನಾನು ನಿಧಾನ ಆಗಿದ್ದೇನೆ. ತಿಂಗಳ ಕೊನೆಗೆ ಅಂಕಿಅಂಶ ಕೊಡಬೇಕು, ಬೇಗ ಬೇಗ ಮುಗಿಸಬೇಕು.

ಮೇಲಿನ ಆ ಚುಕ್ಕೆಯನ್ನು ಹೊರಗೆ ತೆಗೆ ಅಂದರು ಸಾರ್, ಅದೊಂದೇ ಇದೆ, ಗೆರೆ ಕೆಡಿಸುತ್ತದೆ ಅಂತ. ಆಗಲ್ಲ ಸಾರ್, ಜ್ಯೋತಿಯನ್ನು ತೆಗೆಯಲ್ಲ ಅಂದೆ. ಹಸಿರು ಬಣ್ಣ ಕೊಟ್ಟು, ಕೆಳಗೆ 'ಬಾಣಂತಿ' ಅಂತ ಬೇರೆ ಸಾಲು ಮಾಡಿದ್ದೇನೆ. ಒಂದೇ ಇದ್ದರೆ ಒಂದೇ ಇರಲಿ. ವೀರೇಶನೂ ಈಗ ಕಿವಿಗೆ ಹತ್ತಿ ಇಡುವ ಮೊದಲು ಕೇಳುತ್ತಾನೆ: "ಮನ್ಯಾಗ ಎಳೀಕೂಸು ಐತೇನ್ರಿ?" ನಿನ್ನೆ ಅರವತ್ತರ ಹೆಂಗಸೊಬ್ಬಳನ್ನು ಹಾಗೆ ಕೇಳಿ ಚೆನ್ನಾಗಿ ಬೈಸಿಕೊಂಡ.

ಜುಲೈ 26, ಶನಿವಾರ

ಒಂದು ಹನಿ! ಫೋನಿನಲ್ಲಿ ಜ್ಯೋತಿ ಚೀರಿದಳು, ನಾನೂ ಚೀರಿದೆ. ವೇಟಿಂಗ್ ಹಾಲಿನವರೆಲ್ಲ ಬಾಗಿಲ ಕಡೆ ನೋಡಿದರು. ಒಂದೇ ಹನಿ, ಆದರೆ ಬಂದಿದೆ!

ಜುಲೈ 27, ಭಾನುವಾರ

ಸ್ವಲ್ಪ ಹೆಚ್ಚು. ಹೊಟ್ಟೆ ತುಂಬುವಷ್ಟಲ್ಲ. ಮೇಲುಹಾಲು ನಡೆದಿದೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡ ಅಂತ ಹೆರಿಗೆ ಡಾಕ್ಟರು ಹೇಳಿದ್ದಾರೆ. ಇಟ್ಟುಕೊಂಡಿದ್ದೇನೆ, ಏನು ಮಾಡಲಿ.

ಜುಲೈ 29, ಮಂಗಳವಾರ, ಪಂಚಮಿ

ಬೆಳಿಗ್ಗೆಯಿಂದ ಅವ್ವನ ಕೈಗೆ ಪುರುಸೊತ್ತಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು. ರಾಧಾ ಒಳಗಿನಿಂದಲೇ ತನಗೆರಡು ಉಂಡಿ ಹೆಚ್ಚು ಬೇಕು ಅಂತ ಕೂಗುತ್ತಿದ್ದಳು. ನಾನು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಿದ್ದೆ. ನಿನ್ನೆ ಇಡೀ ದಿನ ಯಾರೂ ಎತ್ತಿರಲಿಲ್ಲ. ಏನಾಯಿತೋ, ಹೇಳಲು ಬೇಜಾರಾಗಿ ಎತ್ತಲಿಲ್ಲವೋ ಅಂತ ತಳಮಳ.

ಹತ್ತು ಗಂಟೆಗೆ ಅವರೇ ಮಾಡಿದರು. ಹೊನ್ನೂರಮ್ಮ.

"ನಿನ್ನಿ ಯಾಕಮ್ಮ ಎತ್ತಲಿಲ್ಲ?" ಅಂದೆ, ನಮಸ್ಕಾರ ಹೇಳುವುದೂ ಮರೆತು.

"ಹಬ್ಬದ ಮುಂದ ಕೆಲಸ ಇರಂಗಿಲ್ಲೇನು ನಮಗ? ಈಗ ನಾಗಪ್ಪಗ ಹಾಲು ಎರದು ಬಂದೆ. ಅಪ್ಪನ ಪಾಲು, ಅವ್ವನ ಪಾಲು, ಮಗನ ಪಾಲು, ಸೊಸಿ ಪಾಲು, ಮೊಮ್ಮಗನ ಪಾಲು. ಕಡೀಕ ಹಸಿ ಮೈ ತಿಳೀದ ಡಾಕ್ಟರಮ್ಮನ ಪಾಲೂ ಎರದೀನಿ."

"ಆತಮ್ಮ, ಎರದ್ಯಲ್ಲ. ಜ್ಯೋತಿದು ಹೇಳು. ಎಷ್ಟು ಬರ್ತಾವ ಹಾಲು?"

"ಎಷ್ಟು ಅಂದ್ರ? ಅಳ್ಯಾಕ ನನ್ನ ಹತ್ರ ನಿನ್ನ ಮಷೀನ್ ಐತೇನು?"

"ಅಮ್ಮ, ಹೇಳಮ್ಮ!"

"ಹೇಳ್ತೀನಿ ತಡಿ, ಕೂಸು ಮಲಗೈತಿ, ಸಣ್ಣಗ ಮಾತಾಡು. ಮುಂಜಾನಿ ಕೂಸಿಗಂತ ಆಕಳ ಹಾಲು ತಂದಿಟ್ಟಿದ್ದೆ. ಅದು ಅವ್ವನ ಎದ್ಯಾಗ ಕುಡದು ಅಲ್ಲೇ ನಿದ್ದಿ ಹೋತು, ಇದನ್ನ ಮುಟ್ಟಲೇ ಇಲ್ಲ. ಬಟ್ಲ ಹಾಲು ಹಂಗ ಉಳೀತು ನೋಡು ಯವ್ವಾ, ಅದನ್ನ ತಗೊಂಡು ಹೋಗಿ ನಾಗಪ್ಪಗ ಎರದು ಬಂದೀನಿ."